ನಾಲ್ಕು ಗಂಟೆ ಐವತ್ತೆರಡು ನಿಮಿಷ

ಸಂಜೆ ಆರೂಕಾಲಕ್ಕೆ ಪಾರ್ಟ್‌ಟೈಮ್ ಕೆಲಸದಿಂದ ಬಂದ ತರುಣ್ ಷೂ ಕೂಡ ಬಿಚ್ಚದೆ ಊಟದ ಮೇಜಿನ ಬಳಿ ಹೋಗಿ ಲ್ಯಾಪ್‌ಟಾಪಿನ ಮುಂದೆ ನಿಂತ. ಮರುಕ್ಷಣವೇ ಕೂಗಿದ—

"ಯಾರು ಸಬ್ಮಿಟ್ ಒತ್ತಿದ್ದು?"

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಇಂಚರಾಳ ಕೈ ಅಲ್ಲೇ ನಿಂತಿತು.

ಪರದೆಯ ಮೇಲೆ ಎರಡೇ ಸಾಲು. ಬರ್ಕ್ಲಿಗೆ ಟ್ರಾನ್ಸ್‌ಫರ್ ಕೋರಿದ ನಿಮ್ಮ ಅರ್ಜಿ ತಲುಪಿದೆ. ಸಮಯ, ಸಂಜೆ 4:52.

ತರುಣ್ ಸನ್ನಿವೇಲ್ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದ. ಅಲ್ಲಿಂದ ನೇರವಾಗಿ ಬರ್ಕ್ಲಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹಾರುವುದು ಅವನ ಕನಸು. ಅರ್ಜಿಗೆ ಇಂದೇ ಕೊನೆಯ ದಿನ, ರಾತ್ರಿ ಹನ್ನೆರಡರವರೆಗೆ ಸಮಯ. ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ. ಫಾರಂ ತುಂಬಿ ವಾರವಾಗಿತ್ತು. ಕಳಿಸಿರಲಿಲ್ಲ. ಕಾರಣ, ಸಾಲಾಗಿ ನಿಂತ ಎ ಗ್ರೇಡುಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿದ್ದ ಒಂದು ಸಿ. ಕೆಮಿಸ್ಟ್ರಿಯದು. ಆ ಗುಟ್ಟನ್ನು ಅವನು ಒಬ್ಬಳಿಗೆ ಮಾತ್ರ ಹೇಳಿದ್ದ.

ಆ ಒಬ್ಬಳು ಇಂಚರಾ, ದೊಡ್ಡಮ್ಮನ ಮಗಳು. ಬೆಂಗಳೂರಿನಲ್ಲಿ ಬೆಳೆದವಳು, ಇಲ್ಲಿಗೆ ಎಂಎಸ್ ಮಾಡಲು ಬಂದು, ಮುಗಿಸಿ, ಕೆಲಸ ಹುಡುಕುತ್ತ ಈ ಮನೆಯಲ್ಲಿ ಉಳಿದಿದ್ದಳು. ನಾಲ್ಕು ಮಾತಾಡಬೇಕಾದ ಕಡೆ ಒಂದಾಡಿ ಸುಮ್ಮನಾಗುವ ಹುಡುಗಿ.

ತರುಣ್ ಅಡುಗೆಮನೆಗೆ ಬಂದು ದನಿ ತಗ್ಗಿಸಿದ. "ಅಕ್ಕಾ, ನೀನೇ ಅಲ್ವಾ?"

"ನಾನಲ್ಲ ಕಣೋ."

"ಮತ್ತಿನ್ಯಾರು? ಓನ್ಲಿ ಯು ನ್ಯೂ! ನಾನು ಕಳಿಸಲ್ಲ ಅಂದಿದ್ದಕ್ಕೆ ನೀನೇ ಒತ್ತಿಬಿಟ್ಟೆ."

"ದೇವರಾಣೆ ಇಲ್ಲ—"

"ಫೈನ್. ಹನ್ನೆರಡರೊಳಗೆ ನಾನೇ ವಿತ್‌ಡ್ರಾ ಮಾಡ್ತೀನಿ."

"ಯಾಕೋ? ಒಂದು ಸಿ ಗ್ರೇಡಿಗೋಸ್ಕರ?"

"ಡ್ಯಾಡ್ ಅದನ್ನ ನೋಡಿದ್ರೆ? ಟೆಂಪಲ್‌ನಲ್ಲಿ ಎಲ್ಲರಿಗೂ ಹೇಳ್ಕೊಂಡಿದ್ದಾನೆ, ನಮ್ಮವಂದು ಎಲ್ಲಾ ಎ ಅಂತ. ಆ ಫಾರಂ ಹೋಗೋದಕ್ಕಿಂತ ಹೋಗದೆ ಇರೋದೇ ಅವನಿಗೆ ಇಷ್ಟ."

ಅಪ್ಪನ ಮಾತು ಬಂದಾಗ ಅವನು ಮುಖ ಆಚೆ ತಿರುಗಿಸಿದ. ಇಂಚರಾಳಿಗೆ ತನ್ನ ಮೇಲಿನ ಅನುಮಾನಕ್ಕಿಂತ ಅದೇ ಹೆಚ್ಚು ನೋಯಿಸಿತು.

"ಊಟದವರೆಗೆ ತಡಿ," ಎಂದಳು. "ಯಾರು ಅಂತ ನಾನು ಹೇಳ್ತೀನಿ."



ತರುಣ್‌ನ ಅಮ್ಮ ಉಮಾಶ್ರೀ ಮೌಶಿ ಮಧ್ಯಾಹ್ನ ಎರಡಕ್ಕೆ ದೇವಸ್ಥಾನದ ಅಡುಗೆ ಸೇವೆಗೆ ಹೋಗಿ ಐದೂವರೆಗೆ ಬಂದಿದ್ದರು. ಅವರಲ್ಲ. ಉಳಿದವರು ಇಬ್ಬರು. ಮೊದಲು ಚನ್ನಬಸವ್ವಜ್ಜಿ.

"ಅಜ್ಜಿ, ಐದಕ್ಕೆ ಇನ್ನು ಎಂಟು ನಿಮಿಷ ಇದ್ದಾಗ ಎಲ್ಲಿದ್ರಿ?"

"ದೇವರ ಮುಂದ. ಹೊತ್ತು ಮುಣಗಿತ್ತು, ದೀಪಾ ಹಚ್ಚಾಕತ್ತಿದ್ದೆ. ಯಾಕ, ಪೊಲೀಸ್ ನೌಕರಿ ಸಿಕ್ತೇನು?"

"ತರುಣ್ ಕಂಪ್ಯೂಟರ್ ಮುಟ್ಟಿದ್ರಾ?"

ಅಜ್ಜಿ ಎದ್ದೇ ನಿಂತರು. ಗೋಡೆಯ ಮೇಲೆ ಹುಬ್ಬಳ್ಳಿಯಿಂದ ತರಿಸಿದ ಕ್ಯಾಲೆಂಡರು ತೂಗುತ್ತಿತ್ತು. ಮುಂದಿನ ವರ್ಷದ್ದೂ ನಿನ್ನೆಯಷ್ಟೇ ಬಂದು ಸುರುಳಿಯಾಗಿ ಕಪಾಟಿನ ಮೇಲೆ ಕೂತಿತ್ತು.

"ಓದು ಅಲ್ಲೆ. ಇವತ್ತ ಐತವಾರ. ನಾಕೂವರಿಯಿಂದ ಆರರತನಾ ರಾಹುಕಾಲ. ಆ ಹೊತ್ತಿನ್ಯಾಗ ನಾ ಉಗುರು ಸುದ್ದಾ ತಗಿಯಂಗಿಲ್ಲ, ಮೊಮ್ಮಗನ ಅರ್ಜಿ ಕಳಸ್ತೀನೇನು? ಯಾವಾಕಿ ಒತ್ತ್ಯಾಳೋ, ದೇವರ ಅಂಜಿಕಿ ಇಲ್ಲದಾಕಿ!"

'ಯಾವಾಕಿ' ಅನ್ನುವಾಗ ಅಜ್ಜಿಯ ಕಣ್ಣು ಇಂಚರಾಳನ್ನು ಬಿಟ್ಟು ಅತ್ತಿತ್ತ ಸರಿಯಲಿಲ್ಲ.

ಅಷ್ಟರಲ್ಲಿ ಸಿದ್ಧಾರೂಢ ಕಾಕಾ, ತರುಣ್‌ನ ಅಪ್ಪ, ಟವೆಲ್ಲಿನಿಂದ ಕೈ ಒರೆಸುತ್ತ ಬಂದರು. ಚಿಪ್ ಕಂಪನಿಯ ಇಂಜಿನಿಯರು. ಹೊಸ ಕಾರನ್ನು ಬೇಕಂತಲೇ ರಾಹುಕಾಲದಲ್ಲಿ ಮನೆಗೆ ತಂದೆ ಎಂದು ಇಂದಿಗೂ ಎದೆ ತಟ್ಟಿಕೊಳ್ಳುವವರು.

"ಅವ್ವಾ, ಸುಮ್ನಿರು. ಆ ಕ್ಯಾಲೆಂಡರ್ ಹುಬ್ಬಳ್ಳಿ ಸೂರ್ಯಂದು. ಅಂವಗ ಇಲ್ಲೆ ಏನ ಕೆಲಸ?"

"ಕಾಕಾ, ನೀವು ಆಗ—?"

"ನಾ ಕೆಳಗ ಕಾರು ತೊಳಿಯಾಕತ್ತಿದ್ದೆ. ನೀನ ಕಿಟಕಿಯಿಂದ ನೋಡಿದೆಲ್ಲವಾ?"

ನೋಡಿದ್ದಳು, ನಿಜ. ತನ್ನ ಕೋಣೆಯಲ್ಲಿ ಕೆಲಸಕ್ಕೆ ಅರ್ಜಿ ಬರೆಯುತ್ತ, ನಾಲ್ಕು ಗಂಟೆಗೆ ಒಮ್ಮೆ ಕತ್ತೆತ್ತಿದಾಗ ಕಾಕಾ ಮುಂದಿನ ಎಡ ಟಯರು ಉಜ್ಜುತ್ತಿದ್ದರು. ನಾಲ್ಕೂವರೆಗೆ ನೋಡಿದಾಗಲೂ ಅದೇ ಟಯರು. ಎರಡು ಸಲವೂ ಕೈಗಡಿಯಾರ ನೋಡಿಕೊಂಡಿದ್ದರು. ಆಮೇಲೆ ಅವಳು ನೋಡಿರಲಿಲ್ಲ.

ಇಂಚರಾ ಮತ್ತೆ ಈರುಳ್ಳಿಯ ಮುಂದೆ ಬಂದು ನಿಂತಳು. ಅಜ್ಜಿ ಒತ್ತುವವರಲ್ಲ. ರಾಹುಕಾಲದ ನಟ್ಟನಡುವೆ ಒತ್ತಿದವರು ಅದನ್ನು ನಂಬದವರೇ ಇರಬೇಕು. ಆದರೆ ನಂಬದ ಮನುಷ್ಯ, ಮೇಜಿನ ಬಳಿ ಯಾರೂ ಇಲ್ಲದಾಗ ಮೂರಕ್ಕೋ ನಾಲ್ಕಕ್ಕೋ ಒತ್ತಿ ಮುಗಿಸದೆ, 4:52ಕ್ಕೇ ಯಾಕೆ?

ಹೊರಗೆ ಕತ್ತಲು. ನವೆಂಬರ್ ಬಂತೆಂದರೆ ಇಲ್ಲಿ ಹಗಲು ಚಹಾ ಕುಡಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಅಜ್ಜಿ ಏನೆಂದರು? ಹೊತ್ತು ಮುಣಗಿತ್ತು, ದೀಪಾ ಹಚ್ಚಾಕತ್ತಿದ್ದೆ...

ಅವಳು ಫೋನು ತೆಗೆದು ಒಂದೇ ಒಂದು ಸಂಗತಿ ನೋಡಿದಳು. ಫೋನು ಕೆಳಗಿಟ್ಟಳು. ಕೈ ತೊಳೆದು ಹೊರಗೆ ಬಂದಳು.

ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ತರುಣ್ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಿದ್ದ. "ಟೈಮ್ ಈಸ್ ಅಪ್, ಅಕ್ಕಾ."

"ಅಜ್ಜಿ, ರಾಹುಕಾಲ ಲೆಕ್ಕ ಹಾಕೋದು ಹೇಗೆ?"

"ಹಗಲಾನ ಎಂಟು ಪಾಲು ಮಾಡೂದು. ಐತವಾರ ಕಡೀ ಪಾಲು."

"ಅಂದ್ರೆ ಭಾನುವಾರ ಅದು ಮುಗಿಯೋದು ಸೂರ್ಯ ಮುಳುಗಿದಾಗ. ಅಲ್ವಾ? ಹುಬ್ಬಳ್ಳಿಲಿ ಆರು ಗಂಟೆ ಸುಮಾರಿಗೆ. ಅದಕ್ಕೇ ಕ್ಯಾಲೆಂಡರಿನಲ್ಲಿ ಆರು." ಅವಳು ಕಿಟಕಿಯಾಚೆಯ ಕತ್ತಲಿನತ್ತ ಕೈ ತೋರಿದಳು. "ಇಲ್ಲಿ ಇವತ್ತು ಸೂರ್ಯ ಮುಳುಗಿದ್ದು 4:51ಕ್ಕೆ. ಫಾರಂ ಹೋಗಿದ್ದು 4:52ಕ್ಕೆ."

ಅಜ್ಜಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಇಂಚರಾ ಮುಂದುವರಿಸಿದಳು.

"ರಾಹುಕಾಲದ ನಡುವೆ ಒತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡ್ವಿ. ಅಲ್ಲ. ಅದು ಮುಗಿಯೋದನ್ನೇ ಕಾದು, ಒಂದು ನಿಮಿಷ ಬಿಟ್ಟು ಒತ್ತಿದ್ದಾರೆ. ಅಜ್ಜಿಯಾಗಿದ್ರೆ ಆರು ದಾಟೋವರೆಗೆ ಕಾಯ್ತಿದ್ರು. ನನಗೆ ಈ ಲೆಕ್ಕವೇ ಗೊತ್ತಿರಲಿಲ್ಲ. ಕ್ಯಾಲೆಂಡರು ಹುಬ್ಬಳ್ಳಿ ಸೂರ್ಯಂದು ಅಂತ ಗೊತ್ತಿದ್ದವರು ಈ ಮನೇಲಿ ಒಬ್ಬರೇ." ಅವಳು ತಲೆ ತಗ್ಗಿಸಿದಳು. "ಕಾಕಾ, ಅರ್ಧ ಗಂಟೆ ಒಂದೇ ಟಯರು ತೊಳೆದ್ರಲ್ಲ... ಅದು ಅಷ್ಟೊಂದು ಕೊಳೆಯಾಗಿತ್ತಾ?"

ಸಿದ್ಧಾರೂಢರು ಟವೆಲ್ಲನ್ನು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

"ಮೂರೂ ಮುಕ್ಕಾಲಕ್ಕ ನೀರು ಕುಡಿಯಾಕ ಮ್ಯಾಲ ಬಂದೆ," ಎಂದರು ಕೊನೆಗೆ. "ಇಂವ ಲ್ಯಾಪ್‌ಟಾಪ್ ತೆರದ ಇಟ್ಟು ಹೋಗಿದ್ದ."

"ಗ್ರೇಡ್ಸ್ ಪೇಜ್ ನೋಡಿದಿ?" ತರುಣ್ ಕೇಳಿದ. ಪಿಸುಮಾತಿನಷ್ಟೇ ದನಿ.

"ನೋಡಿದೆ."

"ಕೆಮಿಸ್ಟ್ರಿ?"

"ಸಿ ಐತಿ."

"ಆಂಡ್ ಯು ಸ್ಟಿಲ್—"

"ಅದಕ್ಕ ಕಾದೆನೋ ಮಾರಾಯಾ! ನಾ ನೋಡೂದ್ರಾಗ ಇಲ್ಲೀ ರಾಹುಕಾಲ ಶುರು ಆಗಿತ್ತು. ಎ ಇದ್ದಿದ್ರ ರಾಹುಕಾಲದಾಗ ಒತ್ತಿ ಒಗೀತಿದ್ದೆ. ಸಿ ಐತಿ. ಸ್ವಲ್ಪ ಸಹಾಯ ಬೇಕಾಗ್ತದ." ಕಾಕಾ ಮಗನನ್ನು ನೋಡದೆ ಮೇಜನ್ನು ನೋಡಿದರು. "ಕೇಳದ ಒತ್ತಿದ್ದು ನನ್ನ ತಪ್ಪು. ನಿನ್ನ ಅರ್ಜಿ ಅದು. ಹಿಂದಕ್ಕ ತಗೋತೀ ಅಂದ್ರ ಹನ್ನೆರಡರತನಾ ಟೈಮ್ ಐತಿ. ನಾ ಏನೂ ಅನ್ನಂಗಿಲ್ಲ."

ಉಮಾಶ್ರೀ ಮೌಶಿ ನಗು ತಡೆಯಲು ಸೆರಗಿಲ್ಲದೆ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡರು. ಅಜ್ಜಿಗೆ ಮಾತ್ರ ನಗು ಬರಲಿಲ್ಲ.

"ಹಂಗಾರ ಹನ್ನೊಂದು ವರ್ಷ ನಾ ಇಲ್ಲೆ ತಪ್ಪು ಹೊತ್ತಿಗೆ ಅಂಜೀನಿ? ಗೊತ್ತಿದ್ದೂ ಹೇಳಲಿಲ್ಲ, ಭಾಡಕೋ?" ಕಪಾಟಿನ ಮೇಲಿದ್ದ ಹೊಸ ಕ್ಯಾಲೆಂಡರನ್ನು ಮಗನ ಮುಂದೆ ಬಿಡಿಸಿ ಹಾಸಿ, ಕೈಗೆ ಪೆನ್ಸಿಲು ಕೊಟ್ಟರು. "ಕೂಡು. ಇಲ್ಲೀ ಸೂರ್ಯಂದು ಇಡೀ ವರ್ಷದ್ದು ಬರದು ಕೊಡು. ಅಲ್ಲೀತನಾ ರೊಟ್ಟಿ ಇಲ್ಲ."

ತರುಣ್ ಲ್ಯಾಪ್‌ಟಾಪಿನತ್ತ ಒಂದು ಕ್ಷಣ ನೋಡಿದ. ಎದ್ದು ಅಡುಗೆಮನೆಗೆ ಹೋದ. ಇಂಚರಾ ಹಿಂದೆಯೇ ಬಂದಾಗ, ಅವಳು ಅರ್ಧ ಬಿಟ್ಟಿದ್ದ ಈರುಳ್ಳಿಯನ್ನು ಅಡ್ಡಾದಿಡ್ಡಿಯಾಗಿ ಹೆಚ್ಚುತ್ತಿದ್ದ.

"ಸಾರಿ, ಅಕ್ಕಾ."

"ಸಣ್ಣಗೆ ಹೆಚ್ಚೋ," ಎಂದಳು ಇಂಚರಾ.

ಮೂಗೆಳೆದು, ತೋಳಿನಿಂದ ಕಣ್ಣೊರೆಸಿಕೊಂಡು ಅವನು ಹೊರಗೆ ಕೂಗಿದ:

"ಅಪ್ಪಾ! ಜನವರಿಯಿಂದ ಶುರು ಮಾಡಬ್ಯಾಡ. ಮೊದಲು ಏಪ್ರಿಲ್‌ದು ಬರಿ."