ಉಪ್ಪುನೀರಿಗೊಂದು ಸ್ಪೇರ್ ರೀಲು

ಅವಳು ಅಂಗಡಿಯ ಮೆಟ್ಟಿಲು ಹತ್ತುವ ಸದ್ದಿಗೇ ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಗಾಳ, ನೂಲು, ಅದನ್ನು ಸುತ್ತುವ ರೀಲು ಮಾರುವ ಆ ಅಂಗಡಿ ಅವನ ಭಾವನದು. ಕೆಟ್ಟ ರೀಲುಗಳನ್ನು ಬಿಚ್ಚಿ ಜೋಡಿಸುವುದು ಇವನ ಕೆಲಸ. ಎಲೆ ಅಲುಗಿದರೂ ಎದೆ ಹೊಡೆದುಕೊಳ್ಳುವ ಸ್ವಭಾವ ಕಂಡು ಅಕ್ಕ ಚಿಕ್ಕಂದಿನಲ್ಲೇ ‘ಗಾಬರಿ’ ಎಂದು ಹೆಸರಿಟ್ಟಿದ್ದಳು. ಈಗ ಗಿರಾಕಿಗಳೂ ಹಾಗೆಯೇ ಕರೆಯುತ್ತಿದ್ದರು. ಅವಳೊಬ್ಬಳು ಮಾತ್ರ “ಏನ್ರೀ” ಎನ್ನುತ್ತಿದ್ದಳು. ಆ ‘ರೀ’ಗಾಗಿ ಅವನು ವಾರವೆಲ್ಲ ಕಿವಿ ತೆರೆದು ಕೂರುತ್ತಿದ್ದ.

“ಏನ್ರೀ, ಇದು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚ್ತಿದೆ.”

ಅವಳು ತನ್ನ ರೀಲನ್ನು ಮೇಜಿನ ಮೇಲಿಟ್ಟಳು. ಸ್ವಂತದ್ದೊಂದು ಸಣ್ಣ ಬೋಟು ಅವಳದು. ಮೀನು ಹಿಡಿಯುವ ಹುಚ್ಚಿರುವವರನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗುತ್ತಾಳೆ. ಬಿಸಿಲಿಗೆ ಮೂಗಿನ ತುದಿ ಕೆಂಪಾಗಿತ್ತು, ಹಣೆಯ ಕೂದಲು ಉಪ್ಪಿಗೆ ಬಿರುಸಾಗಿ ಗಾಳಿಗೂ ಜಗ್ಗದೆ ನಿಂತಿತ್ತು.

ಅವನು ಹಿಡಿ ತಿರುಗಿಸಿ ನೋಡಿದ. ಒಳಗೆ ಮರಳು ಅರೆದಂತಾಯಿತು.

“ಉಪ್ಪು ಹೋಗಿದೆ. ತೊಳೆದು ಕೊಡ್ತೀನಿ. ಆದ್ರೆ ಇದನ್ನ ನಂಬ್ಕೊಂಡು ಹೋಗೋ ಹಾಗಿಲ್ಲ.”

“ಹಾಗಾದ್ರೆ ಜೊತೆಗೆ ಇನ್ನೊಂದು ಕೊಡಿ. ಕಮ್ಮಿ ರೇಟಿಂದು, ಆದ್ರೆ ಕೈ ಕೊಡಬಾರದು.” ಅವಳ ದನಿ ತಗ್ಗಿತು. “ಭಾನುವಾರ ಆ ದೊಡ್ಡ ಹೋಟೆಲ್ ಮ್ಯಾನೇಜರ್ ಬರ್ತಿದ್ದಾರೆ. ಒಪ್ಪಿದ್ರೆ ಗೆಸ್ಟ್‌ಗಳನ್ನೆಲ್ಲ ನನ್ನ ಬೋಟಿಗೇ ಕಳಿಸ್ತಾರಂತೆ. ಇಲ್ದಿದ್ರೆ ಬೋಟ್ ಮಾರಿ ಅಣ್ಣನ ಊರಿಗೆ ಹೋಗೋದೇ.”

“ಅಲ್ಲಿ... ಸಮುದ್ರ ಇದ್ಯಾ?”

“ಬಾವಿ ಇದೆ,” ಎಂದಳು. ನಗಲು ಹೋಗಿ ನಗಲಿಲ್ಲ.

ಅವಳಿಲ್ಲದ ಊರು! ಅವನು ಅವಸರವಸರವಾಗಿ ಮೂರು ರೀಲು ತಂದು ಮುಂದಿಟ್ಟ. ಅವಳು ಬಂಗಾರದ ಬಣ್ಣದ್ದನ್ನು ಎತ್ತಿಕೊಂಡಳು.

“ಬೇಡ. ಡಬ್ಬದ ಮೇಲೆ ಇಷ್ಟೊಂದು ಬೇರಿಂಗ್ ಅಂತ ಬರೆದಿರ್ತಾರೆ. ನೀರು ತಡೆಯೋ ಸೀಲ್ ಸರಿಯಿಲ್ದಿದ್ರೆ ಅಷ್ಟೂ ತುಕ್ಕಿನ ಮನೆ.”

“ಇದು? ಹೂವಿನ ಹಾಗೆ ಹಗುರ ಇದೆ.”

“ದೊಡ್ಡ ಮೀನು ಎಳೆದ್ರೆ ಹೂವಿನ ಹಾಗೇ ಬಾಗುತ್ತೆ. ಇದನ್ನ ತಗೊಳ್ಳಿ.” ಅವನು ಮೂರನೆಯದನ್ನು ಅವಳ ಕಡೆ ಸರಿಸಿದ. ಕರ್ರಗಿನ, ಯಾವ ಥಳುಕೂ ಇಲ್ಲದ ರೀಲು. “ಬಾಡಿ ಲೋಹದ್ದು. ಮೀನು ಓಡಿದಾಗ ಜರ್ಕ್ ಇಲ್ದೆ ನೂಲು ಬಿಡುತ್ತೆ. ನಿಮ್ಮ ಹಳೇದರ ಸೈಜೇ, ಗಾಳದ ರಾಡ್ ಬದಲಾಯಿಸೋದು ಬೇಡ. ದಿನಾ ಸಿಹಿನೀರಲ್ಲಿ ಮೆಲ್ಲಗೆ ತೊಳೀರಿ, ಪೈಪ್ ಜೋರಾಗಿ ಬಿಟ್ರೆ ಉಪ್ಪು ಇನ್ನೂ ಒಳಗೆ ನುಗ್ಗುತ್ತೆ. ನೋಡೋಕೆ ಅಂದ ಇಲ್ಲ, ಅಷ್ಟೇ. ಬಾಳಿಕೆ ಬರುತ್ತೆ.”

“ಅಂದ ಇಲ್ಲ, ಬಾಳಿಕೆ ಬರುತ್ತೆ.” ಅವಳು ಮೆಲ್ಲಗೆ ಹೇಳಿಕೊಂಡಳು. ಕಣ್ಣು ರೀಲಿನ ಮೇಲಿರಲಿಲ್ಲ. ಅವನ ಕೆದರಿದ ಕೂದಲಿನಿಂದ ಗ್ರೀಸ್ ಮೆತ್ತಿದ ಬೆರಳಿನವರೆಗೆ ಇಳಿದು, ಮತ್ತೆ ಮೇಲೇರಿ ಅವನ ಕಣ್ಣಲ್ಲಿ ನಿಂತಿತು. “ಇಂಥದ್ದು ಸಿಗೋದು ಕಷ್ಟ ಬಿಡಿ.”

ಅವನ ಕಿವಿ ಕಾದ ಕಾವಲಿಯಾಯಿತು. ಗಲ್ಲಾದ ಹತ್ತಿರ ಭಾವ ಸುಮ್ಮಸುಮ್ಮನೆ ಕೆಮ್ಮಿದರು.

ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಬೇರೊಬ್ಬ ಗಿರಾಕಿ ಅಂಥದ್ದೇ ಕಪ್ಪು ರೀಲು ಹಿಡಿದು ಬಂದ. “ನೂಲು ಎಳೆದ್ರೆ ಹಿಡಿ ಹಿಂದಕ್ಕೇ ತಿರುಗುತ್ತೆ. ಬೆರಳಿಗೆ ಹೇಗೆ ಬಡಿದಿದೆ ನೋಡು.”

ಬಿಚ್ಚಿ ನೋಡಿದರೆ, ಹಿಡಿ ಹಿಂದೆ ತಿರುಗದಂತೆ ತಡೆಯುವ ಬೇರಿಂಗಿನ ತುಂಬ ಫ್ಯಾಕ್ಟರಿಯವರು ಗ್ರೀಸ್ ಮೆತ್ತಿದ್ದರು. ಅಲ್ಲಿ ಗ್ರೀಸ್ ತಾಗಿದರೆ ಜಾರುತ್ತದೆ. ಅವಳದೂ ಅದೇ ಪೆಟ್ಟಿಗೆಯಿಂದ ತೆಗೆದದ್ದು. ನಂಬಿಸಿ ಕೊಟ್ಟವನು ತಾನೇ.

ಫೋನ್ ಮಾಡಿದ. ಸಿಗ್ನಲ್ ಇಲ್ಲ. ಮತ್ತೆ ಮಾಡಿದ. ಕಣ್ಣ ಮುಂದೆ ಒಂದೇ ಚಿತ್ರ: ದೊಡ್ಡ ಮೀನು, ಜಾರುವ ಹಿಡಿ, ಮುಖ ಗಂಟಿಕ್ಕಿದ ಮ್ಯಾನೇಜರ್, ಅಣ್ಣನ ಊರಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ಅವಳು.

“ಭಾವಾ, ನಾನು ಸಮುದ್ರಕ್ಕೆ ಹೋಗ್ಬೇಕು.”

“ನೀನಾ? ಬಕೆಟ್ ನೀರು ಅಲುಗಿದ್ರೆ ವಾಂತಿ ಮಾಡ್ತೀಯ!”

ಅವನು ಅಂಗಡಿಯಲ್ಲಿದ್ದ ಒಳ್ಳೆಯ ರೀಲೊಂದನ್ನು ಚೀಲಕ್ಕೆ ಹಾಕಿಕೊಂಡು ಓಡಿದ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜನೊಬ್ಬನ ಕಾಲಿಗೆ ಬೀಳುವುದೊಂದು ಬಾಕಿ. ಅಜ್ಜ ಗೊಣಗುತ್ತಲೇ ದೋಣಿಯ ಎಂಜಿನ್ ಎಳೆದ.

ದಡದಾಚೆಯ ಬಂಡೆ ದಾಟುವಷ್ಟರಲ್ಲಿ ಅವನ ಮುಖ ಬಿಳುಚಿತ್ತು. ದೂರದಲ್ಲಿ ಅವಳ ಬೋಟು ಕಂಡದ್ದೇ ಎದ್ದು ನಿಂತು ಕೂಗಿದ.

“ಆ ರೀಲ್ ಬೇಡಾ! ಬಳಸಬೇಡೀ!”

“ಎಂಜಿನ್ ನಿಲ್ಸಿ!” ಅತ್ತಲಿಂದ ಅವಳು ಇನ್ನೂ ಜೋರಾಗಿ ಚೀರಿದಳು. “ನೂಲು ಕತ್ತರಿಸ್ತೀರಾ!”

ಅಜ್ಜ ಎಂಜಿನ್ ಆರಿಸಿದ. ಆಗ ಅವನಿಗೆ ಕಂಡಿತು. ಮ್ಯಾನೇಜರ್ ಕೈಯಲ್ಲಿ ರಾಡು ಬಿಲ್ಲಿನಂತೆ ಬಾಗಿತ್ತು. ನೂಲು ಬಿಗಿದು ನೇರ ಇವರ ದೋಣಿಯ ಮುಂದೆಯೇ ನೀರಿಗಿಳಿದಿತ್ತು. ರಾಡಿನಲ್ಲಿದ್ದದ್ದು ಅದೇ ಕಪ್ಪು ರೀಲು. ಹಳೆಯದು ಕೆಟ್ಟು ಮೂಲೆ ಸೇರಿತ್ತು.

ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂತ. ಮೀನು ಓಡಿತು, ನೂಲು ಸರ್ರನೆ ಹೋಯಿತು. ಈಗ ಜಾರುತ್ತೆ. ಮ್ಯಾನೇಜರ್ ಹಿಡಿ ತಿರುಗಿಸಿದರು. ಈಗ. ಅವಳು ಪಕ್ಕದಲ್ಲೇ ನಿಂತು ಮಗುವಿಗೆ ಅಕ್ಷರ ತಿದ್ದಿಸುವವಳಂತೆ “ನಿಧಾನ, ಬಿಡಿ, ಓಡ್ಲಿ, ಈಗ ಎಳೀರಿ” ಎನ್ನುತ್ತಿದ್ದಳು. ಹಿಡಿ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಕೊನೆಗೆ ಬಲೆಯೊಳಗೆ ಬೆಳ್ಳಿಯ ಮೈ ಫಳಕ್ಕನೆ ಹೊರಳಿತು. ಮ್ಯಾನೇಜರ್ ಹುಡುಗನಂತೆ ಕೇಕೆ ಹಾಕಿದರು.

ಅವಳು ಬೋಟನ್ನು ಹತ್ತಿರ ತಂದಳು. ಕಣ್ಣು ಕೆಂಡವಾಗಿತ್ತು. “ತಲೆ ಕೆಟ್ಟಿದ್ಯೇನ್ರೀ?”

“ಹಿಡಿ ಜಾರುತ್ತೆ... ಬೇರಿಂಗಲ್ಲಿ ಗ್ರೀಸು... ನಾನೇ ಕೊಟ್ಟಿದ್ದು...”

“ನಿನ್ನೆ ಸಂಜೆ ನೂಲು ಸುತ್ತುವಾಗ್ಲೇ ಜಾರ್ತು. ಬಿಚ್ಚಿ ಒರೆಸಿದೆ.”

“ನಿಮಗೆ ಬಿಚ್ಚೋಕೆ ಬರುತ್ತಾ?”

“ವರ್ಷದಿಂದ ನಿಮ್ಮ ಮೇಜಿನ ಮುಂದೆ ನಿಂತು ನೋಡ್ತಿದ್ದೀನಿ, ಬರಲ್ವಾ?” ಅವಳು ಚುಕ್ಕಾಣಿಯ ಕಡೆ ಮುಖ ತಿರುಗಿಸಿದಳು. “ನೆಟ್ಟಗಿದ್ದ ರೀಲನ್ನೂ ಎಷ್ಟು ಸಲ ರಿಪೇರಿಗೆ ತಂದಿದ್ದೀನಿ. ನಿಮಗೆ ಅದೂ ಗೊತ್ತಾಗ್ಲಿಲ್ಲ.”

ಅವನು ರೀಲಿದ್ದ ಚೀಲವನ್ನು ಎದೆಗೆ ಅವುಚಿಕೊಂಡ.

“ಮಾಲು ಕೊಟ್ಟ ಎಲ್ಲರ ಹಿಂದೆಯೂ ಹೀಗೇ ಸಮುದ್ರಕ್ಕೆ ಬರ್ತೀರಾ?”

“ಇಲ್ಲ.” ಜೀವನದಲ್ಲಿ ಮೊದಲ ಸಲ ಅವನ ದನಿ ನಡುಗಲಿಲ್ಲ. “ನಿಮ್ಮೊಬ್ಬರ ಹಿಂದೆ ಮಾತ್ರ. ನೀವು ಈ ಊರು ಬಿಟ್ಟು ಹೋಗಬಾರದು. ನನಗೆ ಆಗಲ್ಲ.” ಇಷ್ಟು ಹೇಳಿ ದೋಣಿಯ ಅಂಚಿಗೆ ಬಗ್ಗಿ, ಬೆಳಗಿನ ಕಾಫಿಯನ್ನೆಲ್ಲ ಕಡಲಿಗೆ ಒಪ್ಪಿಸಿದ.

ಅಜ್ಜ ಆಕಾಶ ನೋಡಿದ. ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡರು. “ಮುಂದಿನ ವಾರದಿಂದ ಗೆಸ್ಟ್‌ಗಳನ್ನ ಕಳಿಸ್ತೀನಮ್ಮ. ಆದ್ರೆ ಇವರನ್ನ ಮಾತ್ರ ದಡದಲ್ಲೇ ಬಿಟ್ಟು ಬಾ.”

ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. ಕೈಚಾಚಿ ಅವನನ್ನು ತನ್ನ ಬೋಟಿಗೆ ಹತ್ತಿಸಿಕೊಂಡಳು. ಹತ್ತಿದ ಮೇಲೂ ಕೈ ಬಿಡಲಿಲ್ಲ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ತಣ್ಣಗೆ ಬೆವೆತ ಅವನ ಅಂಗೈ.

“ಅಲೆ ನೋಡಬೇಡ, ತಲೆ ಸುತ್ತುತ್ತೆ,” ಎಂದಳು. ‘ರೀ’ ಎಲ್ಲೋ ನೀರಿಗೆ ಬಿದ್ದುಹೋಗಿತ್ತು. “ದಡ ನೋಡ್ತಾ ಕೂತ್ಕೋ.”

ಅವನು ನೋಡುತ್ತಾ ಕೂತ.

“ದಡ ಆ ಕಡೆ ಇದೆ ಕಣೋ.”

“ಗೊತ್ತು,” ಎಂದ. ಅವಳ ಮುಖದಿಂದ ಕಣ್ಣು ಕೀಳಲಿಲ್ಲ.