ಎಂಟನೇ ಕಂತಿನ ನಗು

ಕಿರುಚಾಟ ಕೇಳಿಸಿದ್ದು ಬೆಳಿಗ್ಗೆ ಒಂಬತ್ತೂಕಾಲಿಗೆ. ಡಿವಿಡಿ ಅಂಗಡಿಯ ಮುಂದೆ ಕಾಗದದ ಟೋಪಿ ಹಾಕಿಕೊಂಡು ನಿಂತಿದ್ದ ಇನ್ನೂರು ಜನರ ಸಾಲು ಕಾಯುತ್ತಿದ್ದ ಪೇದೆ, ಲಾಠಿ ಹಿಡಿದು ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದ.

ಮೇಲಿನ ಎಡಿಟಿಂಗ್ ಕೋಣೆಯ ಬಾಗಿಲು ತೆರೆದೇ ಇತ್ತು. ಎಡಿಟರ್ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಹೋಗಿತ್ತು. ಪಕ್ಕದಲ್ಲಿ ಕ್ಯಾಮೆರಾ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು; ಅದರ ಒಂದು ಕಾಲಿಗೆ ಕೂದಲು ಅಂಟಿತ್ತು. ಹೊಡೆದವರು ಒಂದೇಟಿಗೆ ನಿಲ್ಲಿಸಿರಲಿಲ್ಲ. ಕಂಪ್ಯೂಟರ್ ಪುಡಿಪುಡಿ. ಡಿವಿಡಿ ಪ್ಲೇಯರ್ ಜಜ್ಜಿಹೋಗಿತ್ತು. ಬೆನ್ನಿಗೆ ಎಂಟು ಎಂದು ಬರೆದಿದ್ದ ಹಳೆಯ ಕ್ಯಾಸೆಟ್ಟೊಂದರ ಟೇಪು ಕಿತ್ತ ಕರುಳಿನಂತೆ ನೆಲದ ತುಂಬ ಹರಡಿತ್ತು.

ಹೆಣದ ಪಕ್ಕ ಮಂಡಿಯೂರಿದ್ದ ಹೆಂಗಸಿನ ಕೈಗಳು ಮಣಿಕಟ್ಟಿನವರೆಗೂ ಕೆಂಪಾಗಿದ್ದವು.

"ನಾನಲ್ಲ," ಎಂದಳು. "ನಾನು ಬಂದಾಗ ಉಸಿರಿತ್ತು. ರಕ್ತ ನಿಲ್ಲಿಸೋಕೆ ನೋಡ್ದೆ... ನಿಲ್ಲಲಿಲ್ಲ."

ಪೇದೆಗೆ ಅವಳ ಗುರುತು ಸಿಕ್ಕಿತು. ಬುಗುರಿಯ ಅಕ್ಕ.

'ಟೋಪಿ ಮಾಮನ ಮನೆ' ಇಪ್ಪತ್ತಾರು ವರ್ಷದ ಹಿಂದೆ ಟೀವಿಯಲ್ಲಿ ಬಂದ ಮಕ್ಕಳ ಹಾಸ್ಯ ಕಾರ್ಯಕ್ರಮ. ಎಂಟೇ ಎಂಟು ಕಂತು, ಆಮೇಲೆ ನಿಂತುಹೋಯಿತು. ಆಗ ಚಡ್ಡಿ ಹಾಕಿಕೊಂಡು ಟೀವಿಗೆ ಮೂಗು ಒತ್ತಿ ಕೂತಿದ್ದವರೆಲ್ಲ ಈಗ ತಲೆ ನೆರೆಯುವ ವಯಸ್ಸಿನವರು. ಪೇದೆಯೂ ಅವರಲ್ಲೊಬ್ಬ; ಈ ಬಂದೋಬಸ್ತನ್ನು ಅವನೇ ಕೇಳಿ ಹಾಕಿಸಿಕೊಂಡಿದ್ದ. ಎಲ್ಲರಿಗೂ ಅಚ್ಚುಮೆಚ್ಚಿನದು ಎಂಟನೇ ಕಂತು. ಆರು ವರ್ಷದ ಬುಗುರಿ ಕೋಲು ಹಿಡಿದ ಟೋಪಿ ಮಾಮನಿಗೆ ಚಳ್ಳೆಹಣ್ಣು ತಿನ್ನಿಸಿ ಓಡುವಾಗ ಮೆಟ್ಟಿಲ ಮೇಲಿಂದ ಉರುಳುರುಳಿ ಬಂದು ಕ್ಯಾಮೆರಾ ಮುಂದೆ ಬೀಳುತ್ತಾಳೆ. ಹಿನ್ನೆಲೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗು. ಅದು ಪ್ರಸಾರವಾದದ್ದು ಭಾನುವಾರ. ಮಂಗಳವಾರ ಬುಗುರಿ ಆಸ್ಪತ್ರೆಯಲ್ಲಿ ಸತ್ತಳು. ಶೂಟಿಂಗ್ ಮುಗಿದ ಮೇಲೆ ಸೆಟ್ಟಿನಲ್ಲಿ ಕಾಲು ಜಾರಿ ತಲೆಗೆ ಪೆಟ್ಟು ಎಂದರು. ಟೋಪಿ ಮಾಮನ ವೇಷ ಹಾಕಿದಾತ ಮತ್ತೆ ಬಣ್ಣ ಹಚ್ಚಲಿಲ್ಲ. ಕುಡಿದು ಕುಡಿದು ಅವನೂ ತೀರಿಕೊಂಡ.

ಒಂಬತ್ತು ವರ್ಷ ಅಂಗಲಾಚಿ ಅಭಿಮಾನಿ ಸಂಘದವರು ಈ ಡಿವಿಡಿ ಮಾಡಿಸಿದ್ದರು. ಹತ್ತು ಗಂಟೆಗೆ ಬಿಡುಗಡೆ.

ಇನ್‌ಸ್ಪೆಕ್ಟರ್ ಬಂದಾಗ ಒಂಬತ್ತೂವರೆ. ಆಕೆ ಕೋಣೆಯನ್ನೊಮ್ಮೆ ಕಣ್ಣಾಡಿಸಿ ಎರಡೇ ಪ್ರಶ್ನೆ ಕೇಳಿದರು.

"ಮುಂದಿನ ಮೆಟ್ಟಿಲು ಯಾರ‍್ಯಾರು ಹತ್ತಿದ್ರು?"

"ಈ ಅಕ್ಕ ಮೇಡಂ. ಅದಕ್ಕೂ ಮೊದಲು, ಎಂಟೂವರೆಗೆ, ಸಂಘದ ಕಾರ್ಯದರ್ಶಿ. ಬಸ್ ಕಂಡಕ್ಟರ್ ಅವನು. ಐದು ನಿಮಿಷದಲ್ಲಿ ಇಳಿದು ಬಂದ."

"ಹಿಂದೆ ಮೆಟ್ಟಿಲು ಇದೆಯಾ?"

"ಇದೆ ಮೇಡಂ. ಗಲ್ಲಿಗೆ ಇಳಿಯುತ್ತೆ. ಅಲ್ಲಿ ಯಾರನ್ನೂ ಹಾಕಿರಲಿಲ್ಲ."

ಪಕ್ಕದ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಮೊದಲು ಅಕ್ಕ. ಬೇಕರಿಯಲ್ಲಿ ಹಿಟ್ಟು ನಾದುವವಳು, ತೋಳುಗಳು ಹುರಿಗಟ್ಟಿದ್ದವು. ಆ ಸ್ಟ್ಯಾಂಡನ್ನು ಅವಳು ಕಡ್ಡಿಯಂತೆ ಎತ್ತಬಲ್ಲಳು ಎಂದು ಪೇದೆಗೆ ಅನ್ನಿಸದೆ ಇರಲಿಲ್ಲ.

"ಎಡಿಟರ್ ಫೋನಿಂದ ಇವತ್ತು ಎರಡು ಕರೆ ಹೋಗಿವೆ. ಒಂದು ನಿಮಗೆ. ಏನಂದ?"

"'ನಿಮ್ಮ ತಂಗಿ ವಿಷಯ. ಫೋನಲ್ಲಿ ಹೇಳೋಕಾಗಲ್ಲ, ಬನ್ನಿ' ಅಂದ. ಅವನ ದನಿ ನಡುಗ್ತಿತ್ತು. ಅಷ್ಟೇ."

"ಈ ಡಿವಿಡಿ ಬರೋದು ನಿಮಗೆ ಇಷ್ಟ ಇತ್ತಾ?"

ಅವಳು ಇನ್‌ಸ್ಪೆಕ್ಟರನ್ನು ದುರುಗುಟ್ಟಿ ನೋಡಿದಳು. "ನನ್ನ ತಂಗಿ ಬೀಳೋದನ್ನ ನೋಡೋಕೆ ಇನ್ನೂರು ಜನ ಸಾಲಲ್ಲಿ ನಿಂತಿದ್ದಾರೆ. ನೀವಾಗಿದ್ರೆ ನಿಮಗೆ ಇಷ್ಟ ಆಗ್ತಿತ್ತಾ?"

ಎರಡನೆಯವನು ಕಂಡಕ್ಟರ್. ಟೋಪಿ ತೆಗೆಯುವುದನ್ನೂ ಮರೆತಿದ್ದ.

"ನಿನ್ನೆ ನೀವು ಎಡಿಟರ್ ಕಾಲರ್ ಹಿಡಿದಿದ್ದು ನಿಜವಾ?"

"ನಿಜ ಮೇಡಂ. ಎಂಟನೇ ಕಂತು ಸ್ವಲ್ಪ ಕತ್ತರಿಸ್ತೀನಿ ಅಂದ. ಒಂದು ಕ್ಷಣ ಕತ್ತರಿಸಿದ್ರೂ ಕೈ ಮುರೀತೀನಿ ಅಂದೆ. ಕೊನೆಗೆ ಅವನು ಮುಟ್ಟಲಿಲ್ಲ, ಇದ್ದ ಹಾಗೇ ಅಚ್ಚು ಹಾಕಿಸಿದ. ಇವತ್ತು ಕ್ಷಮೆ ಕೇಳೋಕೆ ಹೋದೆ. ಹಳೇ ಟೇಪು ಹಾಕ್ಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು ಕೂತಿದ್ದ. 'ಆಮೇಲೆ ಬಾ' ಅಂದ. ಬಂದ್ಬಿಟ್ಟೆ."

ಮೂರನೆಯವನು ನಿರ್ದೇಶಕ. ಎಂಟೂ ಕಂತು ಅವನ ಕೈಚಳಕ. ಈಗ ಮಕ್ಕಳ ಚಾನೆಲ್ಲೊಂದಕ್ಕೆ ಮುಖ್ಯಸ್ಥ, ಇವತ್ತಿನ ಮುಖ್ಯ ಅತಿಥಿ. ಹತ್ತಕ್ಕೆ ಐದು ನಿಮಿಷ ಇರುವಾಗ ಮುಂಬಾಗಿಲಿಗೇ ಕಾರು ತಂದು ಇಳಿದಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ.

"ಎರಡನೇ ಕರೆ ನಿಮಗೆ," ಎಂದರು ಇನ್‌ಸ್ಪೆಕ್ಟರ್.

"ಹೌದು. ಎಷ್ಟೊತ್ತಿಗೆ ಬರ್ತೀರಿ ಸಾರ್ ಅಂತ ಕೇಳಿದ. ಹತ್ತು ಗಂಟೆಗೆ ಅಂದೆ. ಇಟ್ಟುಬಿಟ್ಟ. ಬೇರೇನೂ ಮಾತಿಲ್ಲ."

"ಕೊಂದವರು ಎಂಟನೇ ಕಂತಿನ ಟೇಪನ್ನೇ ಹುಡುಕಿ ಕಿತ್ತು ಹಾಕಿದ್ದಾರೆ. ಯಾಕಿರಬಹುದು?"

ನಿರ್ದೇಶಕ ನಿಟ್ಟುಸಿರು ಬಿಟ್ಟ. "ಕೆಳಗೆ ನಿಂತಿದ್ದಾರಲ್ಲ, ಅವರನ್ನ ಕೇಳಿ. ಅದು ಅಭಿಮಾನ ಅಲ್ಲ ಮೇಡಂ, ಹುಚ್ಚು. ಅವರ ಜೀವ ಇರೋದೇ ಆ ಸೀನಲ್ಲಿ. ನಗು ತೆಗೆದು ಹಾಳು ಮಾಡಿದ್ರೆ ಸುಮ್ನೆ ಬಿಡ್ತಾರಾ? ಆ ಕಂಡಕ್ಟರ್ ಕೈ ಮುರೀತೀನಿ ಅಂದಿದ್ನಂತೆ. ತಲೆ ಮುರಿದಿದ್ದಾನೆ."

ಪೇದೆ ತಲೆಯಾಡಿಸಿದ. ಹೌದಲ್ಲ? ಕಂಡಕ್ಟರ್ ಸಿಟ್ಟಿನ ಮನುಷ್ಯ. ಮೇಲೆ ಹೋಗಿದ್ದೂ ನಿಜ. ಕೋಳ ತರಲೇ ಎಂಬಂತೆ ಅವನು ಇನ್‌ಸ್ಪೆಕ್ಟರ್ ಕಡೆ ನೋಡಿದ. ಆಕೆ ಅವನನ್ನು ನೋಡಲೇ ಇಲ್ಲ. ಎದ್ದು ಎಡಿಟಿಂಗ್ ಕೋಣೆಗೆ ಹೋದರು; ಹೆಣವನ್ನು ಆಗಲೇ ಸಾಗಿಸಿದ್ದರು.

"ರೀ, ಒಂದು ಸ್ಕ್ರೂಡ್ರೈವರ್ ತನ್ನಿ."

ಜಜ್ಜಿದ ಪ್ಲೇಯರಿನ ಬಾಯಿ ಮೀಟಿ ತೆರೆಯಲು ಹತ್ತು ನಿಮಿಷ ಹಿಡಿಯಿತು. ಒಳಗೊಂದು ಡಿಸ್ಕ್ ಇತ್ತು. ಅಂಚಿನಲ್ಲಿ ಸಣ್ಣ ಗೀರು, ಅಷ್ಟೇ. ಅದರ ಮೇಲೆ ಪೆನ್ನಿನಿಂದ ಎಂಟು ಎಂಬ ಅಂಕಿಯನ್ನಷ್ಟೇ ಬರೆದಿತ್ತು. ಅಂಗಡಿಯಿಂದ ಇನ್ನೊಂದು ಪ್ಲೇಯರ್ ತರಿಸಿ, ಮೂವರನ್ನೂ ಅಲ್ಲೇ ಕೂರಿಸಿ, ಇನ್‌ಸ್ಪೆಕ್ಟರ್ ಅಕ್ಕನ ಕಡೆ ತಿರುಗಿದರು. "ಇದರಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ನೀವು ಹೊರಗೆ ಹೋಗಬಹುದು."

"ಹಾಕಿ," ಎಂದಳು ಅಕ್ಕ.

ಅದೇ ಮನೆ. ಅದೇ ಮೆಟ್ಟಿಲು. ಆದರೆ ನಗುವೇ ಇರಲಿಲ್ಲ. ಚಿತ್ರದಲ್ಲಿ ಖಾಲಿ ಮೆಟ್ಟಿಲು ಕಾಣುತ್ತಿತ್ತು, ಮೇಲಿನಿಂದ ಬರೀ ದನಿಗಳು.

"ಸಾಕು ಸಾರ್, ಮಗು ತಲೆ ಸುತ್ತುತ್ತೆ ಅಂತಿದೆ. ನಾನು ಇನ್ನು ಹೊಡೆಯಲ್ಲ." ಅದು ಟೋಪಿ ಮಾಮನ ದನಿ.

"ಕೊಡೋ ಇಲ್ಲಿ ಆ ಕೋಲು." ಇದು ಇನ್ನೊಂದು ದನಿ.

ಧಡ್ ಎಂಬ ಸದ್ದು. ಮಗುವಿನ ಕಿರುಚು, ಅರ್ಧಕ್ಕೇ ತುಂಡಾಯಿತು. ಬುಗುರಿ ಉರುಳಿ ಬಂದು ಕ್ಯಾಮೆರಾ ಮುಂದೆ ಬಿದ್ದಳು. ಏಳಲಿಲ್ಲ. ಮತ್ತೆ ಆ ಎರಡನೇ ದನಿ, ಖುಷಿಯಿಂದ: "ಸಿಕ್ತು! ಇದಕ್ಕೆ ಜೋರಾಗಿ ನಗು ಹಾಕಿ."

ಆ ದನಿಯನ್ನು ಪೇದೆ ಅರ್ಧ ಗಂಟೆಯ ಹಿಂದಷ್ಟೇ ಕೇಳಿದ್ದ. ವಯಸ್ಸಾಗಿತ್ತು, ಬದಲಾಗಿರಲಿಲ್ಲ. ಅವನು ನಿರ್ದೇಶಕನ ಕಡೆ ತಿರುಗಿದ.

"ಹಳೇ ಟೇಪಲ್ಲಿ ಸೆಟ್ಟಿನ ಸದ್ದು ಬೇರೆ, ನಗು ಬೇರೆ ಇರುತ್ತೆ," ಎಂದರು ಇನ್‌ಸ್ಪೆಕ್ಟರ್. "ಇವತ್ತು ಬೆಳಿಗ್ಗೆ ಎಡಿಟರ್ ನಗು ಆರಿಸಿ ಕೇಳಿದ. ಕೇಳಿ ಈ ಡಿಸ್ಕ್ ಮಾಡ್ಕೊಂಡ."

"ಇಪ್ಪತ್ತಾರು ವರ್ಷ ಹಳೇದು," ನಿರ್ದೇಶಕ ಎದ್ದು ನಿಂತ. "ಅದು ಆಕಸ್ಮಿಕ. ಅದಕ್ಕೂ ಈ ಕೊಲೆಗೂ ಏನು ಸಂಬಂಧ? ನಾನು ಬಂದಿದ್ದೇ ಹತ್ತು ಗಂಟೆಗೆ!"

"ನಗು ತೆಗೆದು ಹಾಳು ಮಾಡಿದ್ರೆ ಸುಮ್ನೆ ಬಿಡ್ತಾರಾ ಅಂದ್ರಿ. ನಗು ತೆಗೆದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಯಾರೋ... ಈ ಕಂಡಕ್ಟರ್..."

"ಕಂಡಕ್ಟರ್ ಕಂಡಿದ್ದು ಹೆಡ್‌ಫೋನ್ ಹಾಕ್ಕೊಂಡ ಮನುಷ್ಯನನ್ನ. ಅವನಿಗೆ ಏನೂ ಕೇಳಿಸಿಲ್ಲ. ಕೆಳಗಿರೋ ಐನೂರು ಡಿಸ್ಕಲ್ಲೂ ನಗು ಇದ್ದ ಹಾಗೇ ಇದೆ. ಈ ಅಕ್ಕನಿಗೆ ಎಡಿಟರ್ ಫೋನಲ್ಲಿ ಹೇಳಲಿಲ್ಲ. ನಿಮಗೂ ಹೇಳಲಿಲ್ಲ, ಬೇರೇನೂ ಮಾತಿಲ್ಲ ಅಂದವರು ನೀವೇ. ನೀವು ಆ ಮಾತಾಡಿದಾಗ ಈ ಡಿಸ್ಕ್ ಇರೋದು ನನಗೇ ಗೊತ್ತಿರಲಿಲ್ಲ. ಅದನ್ನ ಕೇಳಿದವರು ಇಬ್ಬರೇ. ಒಬ್ಬ ಸತ್ತ. ಇನ್ನೊಬ್ಬ ಹಿಂದಿನ ಮೆಟ್ಟಿಲಿಂದ ಬಂದು, ಅವನನ್ನ ಕೊಂದು, ಅಂಗಿ ಬದಲಾಯಿಸ್ಕೊಂಡು ಮುಂಬಾಗಿಲಿಗೆ ಬಂದ. ನೀವೇ ಸಾರ್."

ನಿರ್ದೇಶಕನ ಕೈ ಮೇಜಿನ ಕಡೆ ಹೋದದ್ದು ಪೇದೆಗೆ ಕಂಡಿತು. ಅವನು ಮುನ್ನುಗ್ಗುವಷ್ಟರಲ್ಲಿ ತಡವಾಗಿತ್ತು. ಒಡೆದ ಕಂಪ್ಯೂಟರ್ ಪರದೆಯ ಚೂರು ಅಕ್ಕನ ಕುತ್ತಿಗೆಗೆ ಬಂದಿತ್ತು.

"ದಾರಿ ಬಿಡ್ರೋ! ಇವಳ ಗಂಟಲು ಸೀಳ್ತೀನಿ!"

ಚೂರು ಚರ್ಮಕ್ಕೆ ಇಳಿಯಿತು. ರಕ್ತ ಕತ್ತಿನಿಂದ ಎದೆಗೆ ಹರಿಯಿತು. ಅಕ್ಕ ಕಿರುಚಲಿಲ್ಲ. ಅವನ ಮಣಿಕಟ್ಟು ಹಿಡಿದಳು. ಹಿಟ್ಟು ಹಿಚುಕುವ ಬೆರಳುಗಳು, ಲಟಕ್ ಎಂದಿತು. ಅವನು ಊಳಿಟ್ಟ. ಅವಳು ತಿರುಗಿ ಅವನ ಮುಖಕ್ಕೆ ಗುದ್ದಿದಳು, ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಗುದ್ದಿದಳು, ಮತ್ತೆ, ಮತ್ತೆ. ಹಲ್ಲೊಂದು ಪೇದೆಯ ಬೂಟಿಗೆ ಬಂದು ತಾಗಿತು. ಅವನೂ ಕಂಡಕ್ಟರನೂ ಸೇರಿ ಅವಳನ್ನು ಎಳೆಯಬೇಕಾಯಿತು.

"ಬಿಡಿ ಅಕ್ಕ! ಸತ್ತೋಗ್ತಾನೆ. ಅವನು ಕೋರ್ಟಲ್ಲಿ ನಿಂತು ಇದನ್ನ ಕೇಳಬೇಕು. ಬಿಡಿ!" ಎಂದು ಪೇದೆ ಕೂಗಿದ.

ಆಗ ಬಿಟ್ಟಳು. ಗೋಡೆಗೆ ಒರಗಿ ಕೂತು ಮೊದಲ ಸಲ ಅತ್ತಳು.

ಡಿಸ್ಕ್ ಸಾಕ್ಷಿಯ ಲಕೋಟೆ ಸೇರಿತು. ಐನೂರು ಡಿವಿಡಿಗಳಿಗೂ ಸೀಲು ಬಿತ್ತು. ಸಾಲಿನಲ್ಲಿದ್ದವರಿಗೆ ಹೇಳುವ ಕೆಲಸ ಕಂಡಕ್ಟರನೇ ಕೇಳಿ ತೆಗೆದುಕೊಂಡ. ಅಂಗಡಿಯ ಬಾಗಿಲಲ್ಲಿ ನಿಂತು ಏನನ್ನೂ ಮುಚ್ಚಿಡದೆ ಹೇಳಿದ. ಹೇಳಿ ಮುಗಿಸಿ ತನ್ನ ಟೋಪಿ ತೆಗೆದ. ಸಾಲಿನಲ್ಲಿ ಒಂದೊಂದೇ ಟೋಪಿ ಕೆಳಗಿಳಿಯಿತು. ಹೆಂಗಸೊಬ್ಬಳು ಅಲ್ಲೇ ರಸ್ತೆಯಲ್ಲಿ ಕುಸಿದು ಕೂತಳು.

ಮುಂದೆ ನಿಂತಿದ್ದ ಕನ್ನಡಕದವನೊಬ್ಬ ಮೆಲ್ಲಗೆ ಹತ್ತಿರ ಬಂದ. "ಅದೆಲ್ಲ ಸರಿ, ಪಾಪ. ಆದ್ರೆ ಸೀಲ್ ಹಾಕೋ ಮುಂಚೆ ಒಂದೇ ಒಂದು ತೆಗೆದಿಟ್ಟಿರ್ತೀರಲ್ವಾ? ನಾನು ತುಂಬ ದೂರದಿಂದ ಬಂದಿದ್ದೀನಿ."

ಕಂಡಕ್ಟರ್ ಅವನ ಕೆನ್ನೆಗೆ ಬಾರಿಸಿದ ಹೊಡೆತಕ್ಕೆ ಕನ್ನಡಕ ರಸ್ತೆಯಾಚೆ ಹೋಗಿ ಬಿತ್ತು.

"ಪೊಲೀಸ್! ನೋಡಿದ್ರಲ್ಲಾ? ನೋಡಿದ್ರಲ್ಲಾ ಸಾರ್?" ಎಂದು ಕೂಗಿಕೊಂಡ ಅವನು, ಕೆನ್ನೆ ಹಿಡಿದು.

ಪೇದೆ ಎಲ್ಲವನ್ನೂ ಕಣ್ಣಾರೆ ನೋಡಿದ್ದ. "ಇಲ್ಲ," ಎಂದ.