ಈಶ್ವರಿಯ ಸರ್ಪಗಂಧ

"ಭೇಷ್, ರಾಮಚಂದ್ರನ್! ಅಂಥ ರೋಗದಲ್ಲೂ ಗಿಡ ಉಳಿಸಿಬಿಟ್ಟಿರಲ್ಲ!"

ಪ್ರೊಫೆಸರ್ ಕೃಷ್ಣಸಾಮಿ ಎಲ್ಲರೆದುರು ಬೆನ್ನು ತಟ್ಟಿದಾಗ ರಾಮಚಂದ್ರ 'ಇವು ನನ್ನವಲ್ಲ ಸಾರ್' ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಆನೈಮಲೈ ತಪ್ಪಲಿನ ಆ ನರ್ಸರಿಯಲ್ಲಿ ಉಳಿದಿದ್ದ ಸರ್ಪಗಂಧದ ಸಸಿಗಳೆಲ್ಲ ಈಶ್ವರಿಯವು.

ಅವಳು ಪಕ್ಕದಲ್ಲೇ ನಿಂತಿದ್ದಳು. ಅವನತ್ತ ಒಮ್ಮೆ ನೋಡಿದಳು, ಈಗ ಹೇಳುತ್ತಾನೆ ಎಂದು ಕಾಯುವಂಥ ನೋಟ. ಆಮೇಲೆ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು.

ಇಬ್ಬರೂ ಕೊಯಮತ್ತೂರಿನ ಒಂದೇ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದವರು; ಇಬ್ಬರ ಮನೆಮಾತೂ ಕನ್ನಡ, ತಮ್ಮತಮ್ಮಲ್ಲಿ ಅದರಲ್ಲೇ ಮಾತು. ಔಷಧಿಯ ಬೇರಿಗಾಗಿ ಅಗೆದೂ ಅಗೆದೂ ಬೆಟ್ಟದಲ್ಲಿ ಸರ್ಪಗಂಧ ಮುಗಿಯುತ್ತ ಬಂದಿತ್ತು. ಸಸಿ ಬೆಳೆಸಿ ಮತ್ತೆ ಕಾಡಿಗೆ ನೆಡುವುದು ಇವರ ಕೆಲಸ. ರಾಮಚಂದ್ರ ಸೊಂಪಾದ ಒಂದೇ ತಾಯಿಗಿಡದ ಕಡ್ಡಿಗಳಿಂದ ಸಾಲುಸಾಲಾಗಿ, ಒಂದೇ ಎತ್ತರದ ಸಸಿ ಎಬ್ಬಿಸಿದ. ಸೂಲೂರಿನ ನೇಕಾರರ ಮನೆಯ ಈಶ್ವರಿ ಗುಡ್ಡ ಗುಡ್ಡ ಹತ್ತಿ ಬೀಜ ತಂದಳು. ಅವಳ ಪಾತಿಯಲ್ಲಿ ಕುಳ್ಳು, ಸೊಟ್ಟ, ಸಣಕಲು ಎಲ್ಲವೂ ಇದ್ದವು.

"ಏನ್ರೀ ಇದು, ಪೊಳ್ಳಾಚಿ ಸಂತೆ ಕೂಡಿದ ಹಾಗಿದೆ!" ಎಂದು ಅವನು ಹಾಸ್ಯ ಮಾಡಿದಾಗ ಎಲ್ಲರೂ ನಕ್ಕಿದ್ದರು.

"ಇರ್ಲಿ ಬಿಡಿ. ರೋಗ ಬಂದ್ರೆ ಎಲ್ಲಾ ಒಟ್ಟಿಗೆ ಸಾಯಬಾರ್ದಲ್ಲ," ಎಂದಿದ್ದಳು ಅವಳು, ತುಟಿಯಂಚಿನಲ್ಲಿ ನಗುತ್ತ. ಆ ನಗು ನೋಡಲೆಂದೇ ಅವನು ಆಮೇಲೂ ಛೇಡಿಸುತ್ತಿದ್ದ.

೧೯೮೬ರ ಮಳೆಗಾಲದಲ್ಲಿ ಬೇರುಕೊಳೆ ಬಂತು. ಅವನ ಸಸಿಗಳು ಒಂದೂ ಬಿಡದೆ ಬಾಡಿದವು. ಅವಳವು ಅರ್ಧ ಸತ್ತು ಅರ್ಧ ನಿಂತವು. ಖಾಲಿ ಪಾತಿಯೆದುರು ಕೂತವನಿಗೆ ಟೀ ತಂದುಕೊಟ್ಟವಳೂ ಅವಳೇ. ಒಂದು ಚುಚ್ಚುಮಾತೂ ಆಡಲಿಲ್ಲ. ಅಂಥವಳ ದುಡಿಮೆಯನ್ನು ಈಗ ಅವನು ಸುಮ್ಮನೆ ನಿಂತೇ ಕದ್ದಿದ್ದ.

ನಾಚಿಕೆಯಿಂದ ಹಿಡಿಯಷ್ಟಾಗಿ, ಆಫೀಸಿನಲ್ಲಿ ಒಬ್ಬರೇ ಕೂತಿದ್ದ ಪ್ರೊಫೆಸರರ ಮುಂದೆ ಹೋಗಿ ನಿಂತ.

"ಸಾರ್, ಆ ಸಸಿಗಳು ಈಶ್ವರಿಯವು. ನನ್ನವು ಒಂದೂ ಉಳೀಲಿಲ್ಲ. ಆಗಲೇ ಹೇಳಬೇಕಿತ್ತು."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಅವನನ್ನು ನೋಡಿದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಪೊಳ್ಳಾಚಿ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದ. ಕಿಟಕಿಯ ಬಳಿ ಈಶ್ವರಿ, ಅವಳ ಪಕ್ಕ ಎಲೆಯಡಿಕೆ ಜಗಿಯುವ ಒಬ್ಬ ಅಜ್ಜಿ.

"ಸಾರ್‌ಗೆ ಹೇಳಿ ಬಂದೆ," ಎಂದ.

"ಒಬ್ಬರೇ ಇದ್ದಾಗ ತಾನೇ?" ಅವಳು ಮುಖ ತಿರುಗಿಸಲಿಲ್ಲ. "ಭೇಷ್ ಅನ್ನಿಸ್ಕೊಂಡಿದ್ದು ಎಲ್ಲಾರ ಮುಂದೆ."

"ನಾಳೆ ಎಲ್ಲರ ಮುಂದೇನೂ ಹೇಳ್ತೀನಿ. ಇಲ್ಲೂ ಹೇಳ್ತೀನಿ." ಅವನು ದನಿ ಎತ್ತರಿಸಿದ. "ಕೇಳಿ, ಆ ಗಿಡಗಳು ಇವರವು! ನಾನು ನನ್ನವು ಅನ್ನೋ ಹಾಗೆ ನಿಂತ್ಕೊಂಡೆ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ.

"ಕನ್ನಡದಲ್ಲಿ ಹೇಳಿದ್ರೆ ಇವರಿಗೇನು ಪುರಿಯುತ್ತೆ?" ಎಂದಳು ಈಶ್ವರಿ. "ತಮಿಳಲ್ಲಿ ಹೇಳಿ."

ಹೇಳಿದ. ಕಿವಿ ಕೆಂಪೇರಿ, ಕಂಬಿಯನ್ನು ಬಿಗಿಯಾಗಿ ಹಿಡಿದು, ಸಂತೆಯೆಂದು ನಕ್ಕದ್ದರಿಂದ ಹಿಡಿದು ಬೆನ್ನು ತಟ್ಟಿಸಿಕೊಂಡದ್ದರವರೆಗೂ ತಮಿಳಿನಲ್ಲಿ ಹೇಳಿದ. ಕೊನೆಗೆ, ಯಾರೂ ಕೇಳದಿದ್ದರೂ, ಇವಳಿಲ್ಲದ ದಿನ ಆ ನರ್ಸರಿಯ ಗೇಟು ದಾಟಲೂ ತನಗೆ ಮನಸ್ಸು ಬರುವುದಿಲ್ಲ ಎಂಬುದನ್ನೂ ಹೇಳಿಬಿಟ್ಟ.

ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು. "ಯಾರಮ್ಮಾ ಇವನು, ನಿನ್ನ ಗಂಡನಾ?" ಎಂದು ತಮಿಳಿನಲ್ಲೇ ಕೇಳಿದಳು.

ಈಶ್ವರಿ ಮೊದಲ ಸಲ ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು, ತುಟಿ ನಗುವನ್ನು ತಡೆದು ಸೋಲುತ್ತಿತ್ತು.

"ಇನ್ನೂ ಇಲ್ಲ, ಪಾಟಿ," ಎಂದಳು.